ಕಿರೀಟದ ಎದುರು ಸಾರಥಿ

ದೊಡ್ಡಾಟದಲ್ಲಿ ವೀರನ ಪ್ರವೇಶ ಸುಮ್ಮನೆ ಆಗುವುದಿಲ್ಲ. ಹಿಮ್ಮೇಳದ ಹಾಡು ಏರುತ್ತದೆ, ತೆರೆ ಹಿಡಿಯುತ್ತಾರೆ, ತೆರೆಯ ಹಿಂದಿನಿಂದ ಗೆಜ್ಜೆಯ ಸದ್ದು ಕೇಳುತ್ತದೆ. ಎತ್ತರದ ಕಿರೀಟ, ಭುಜಕೀರ್ತಿ, ಎದೆಹಾರ ತೊಟ್ಟವನು ಅಟ್ಟದ ಹಲಗೆ ಅದುರುವಂತೆ ಕುಣಿದು ನಿಂತಾಗ ಮೂರು ಲೋಕಕ್ಕೂ ತಾನೇ ಒಡೆಯ ಎಂಬ ಗತ್ತು ಅವನ ಮೈತುಂಬ ಇರುತ್ತದೆ. ಆಗ ಸಾದಾ ಉಡುಪಿನ ಸಾರಥಿ ಮುಂದೆ ಬಂದು, ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕೆಲಸವೇನು ಎಂದು ವಿಚಾರಿಸುತ್ತಾನೆ. ವೀರ ಗ್ರಾಂಥಿಕ ಭಾಷೆಯಲ್ಲಿ ತನ್ನ ಬಿರುದುಗಳನ್ನು ಹೇಳಿಕೊಂಡರೆ, ಸಾರಥಿ ಊರಿನ ಆಡುಮಾತಿನಲ್ಲಿ ಅದನ್ನೇ ತಿರುಚಿ ಮತ್ತೆ ಕೇಳುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬೆಳಗಿನ ಜಾವ ಅದೇ ವೀರ ರಣರಂಗದಲ್ಲಿ ಉರುಳಿದಾಗ ಅದೇ ಜನ ಕಣ್ಣೊರೆಸಿಕೊಳ್ಳುತ್ತಾರೆ. ರಾತ್ರಿಯ ನಗೆ ಬೆಳಗಿನ ದುಃಖವನ್ನು ಕೆಡಿಸಿರುವುದಿಲ್ಲ.

ಸೂಪರ್‌ಹೀರೋ ಕಾಮಿಕ್ಸ್ ಬರೆಯುವವರೂ ಓದುವವರೂ ಹಲವು ದಶಕಗಳಿಂದ ಜಗ್ಗಾಡುತ್ತ ಬಂದಿರುವ ಪ್ರಶ್ನೆಯೂ ಇದೇ. ಬಣ್ಣಬಣ್ಣದ ಬಿಗಿ ಉಡುಪು ತೊಟ್ಟು ಆಕಾಶದಲ್ಲಿ ಹಾರುವ ಮನುಷ್ಯನ ಕಥೆಯಲ್ಲಿ ನಗೆ ಎಷ್ಟಿರಬೇಕು, ಗಾಂಭೀರ್ಯ ಎಷ್ಟಿರಬೇಕು? ಒಂದು ಪಂಗಡದವರು ನಗೆ ಹೆಚ್ಚಾದರೆ ವೀರ ಕೋಡಂಗಿಯಾಗುತ್ತಾನೆ ಎನ್ನುತ್ತಾರೆ. ಇನ್ನೊಂದು ಪಂಗಡದವರು ಮಕ್ಕಳ ಪುಸ್ತಕಕ್ಕೆ ಮುಖ ಗಂಟಿಕ್ಕುವುದು ಯಾಕೆ ಎಂದು ಕೇಳುತ್ತಾರೆ. ಇಬ್ಬರೂ ಪ್ರಮಾಣದ ಲೆಕ್ಕ ಹಾಕುತ್ತಿದ್ದಾರೆ. ಪ್ರಮಾಣದ ಲೆಕ್ಕದಿಂದ ಈ ಪ್ರಶ್ನೆ ಬಗೆಹರಿಯುವುದಿಲ್ಲ. ನೋಡಬೇಕಾದದ್ದು ಎರಡು ಸಂಗತಿ: ನಗೆ ಯಾರ ಕಡೆಗೆ ತಿರುಗಿದೆ, ಮತ್ತು ಅದು ಎಲ್ಲಿ ನಿಲ್ಲುತ್ತದೆ. ಕೃಷ್ಣಾ ತೀರದ ಗಡಿ ತಾಲೂಕುಗಳ ಆಟಗಳು ಇದಕ್ಕೆ ಉತ್ತರ ಕಂಡುಕೊಂಡು ಬಹಳ ಕಾಲವಾಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳು ಎರಡು ರಂಗಸಂಪ್ರದಾಯಗಳ ನಡುವೆ ಇವೆ. ದಕ್ಷಿಣಕ್ಕೆ, ಪೂರ್ವಕ್ಕೆ ಗೋಕಾಕ, ಜಮಖಂಡಿ, ಮುಧೋಳ. ಅದು ಶ್ರೀಕೃಷ್ಣ ಪಾರಿಜಾತ ಎಂಬ ಆಟದ ನಾಡು. ಉತ್ತರಕ್ಕೆ, ಪಶ್ಚಿಮಕ್ಕೆ ಕೊಲ್ಹಾಪುರ, ಮಿರಜ, ಸಾಂಗ್ಲಿ. ಅದು ಮರಾಠಿ ತಮಾಶಾದ ನಾಡು. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಕಾಗಲ ದಾಟಿ ಕೊಲ್ಹಾಪುರ; ಕಾಗವಾಡ ದಾಟಿದರೆ ಮಿರಜ, ಅದಕ್ಕೆ ಅಂಟಿಕೊಂಡೇ ಸಾಂಗ್ಲಿ. ರಾಯಬಾಗವಂತೂ ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಇಲ್ಲಿನ ಸಂತೆಯಲ್ಲಿ ಎರಡು ಭಾಷೆ ಓಡಾಡುತ್ತವೆ, ಜಾತ್ರೆಯಲ್ಲಿ ಎರಡು ಭಾಷೆಯ ಹಾಡು ಕೇಳುತ್ತವೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವ ಭಕ್ತರಲ್ಲಿ ಮಹಾರಾಷ್ಟ್ರದವರ ಪಾಲು ಬಹಳ ದೊಡ್ಡದು.

ಪಾರಿಜಾತದ ಕೃಷ್ಣನನ್ನು ಮೊದಲು ನೋಡೋಣ. ಕುಲಗೋಡ ತಮ್ಮಣ್ಣ 19ನೇ ಶತಮಾನದಲ್ಲಿ ಈ ಆಟಕ್ಕೆ ಇಂದಿನ ರೂಪ ಕೊಟ್ಟ ಕವಿ. ಅವನ ಊರು ಕುಲಗೋಡ ಆಗಿನ ಗೋಕಾಕ ಸೀಮೆಯಲ್ಲಿ, ರಾಯಬಾಗಕ್ಕೆ ದೂರವಲ್ಲದ ಜಾಗದಲ್ಲಿದೆ. ಮುಂದೆ ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಒಯ್ದು ಜನಪ್ರಿಯಗೊಳಿಸಿದಳು. ಕಥೆಯ ಎಳೆ ಎಲ್ಲರಿಗೂ ಗೊತ್ತಿರುವುದೇ. ನಾರದ ದೇವಲೋಕದ ಪಾರಿಜಾತದ ಹೂ ತರುತ್ತಾನೆ, ಅದು ರುಕ್ಮಿಣಿಯ ಮುಡಿ ಸೇರುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಗಿಡವನ್ನೇ ಕಿತ್ತು ತರಬಲ್ಲ ಶಕ್ತಿ ಇರುವವನು ಮುನಿದ ಹೆಂಡತಿಯ ಬಾಗಿಲಲ್ಲಿ ನಿಂತು ಮಾತಿಗೆ ತಡಕಾಡಬೇಕಾಗುತ್ತದೆ. ಭಾಗವತ, ದೂತಿ ನಡುನಡುವೆ ಬಾಯಿ ಹಾಕಿ ಅವನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಕ್ಕಿಸುತ್ತಾರೆ. ಇಂದ್ರನನ್ನು ಎದುರಿಸುವವನಿಗೆ ಭಾಮೆಯನ್ನು ಎದುರಿಸುವುದು ಕಷ್ಟ. ನಗೆ ಹುಟ್ಟುವುದು ಅಲ್ಲಿಂದ.

ಭಾಮೆಯ ನೋವು ಮಾತ್ರ ನಗೆಗೆ ಈಡಾಗುವುದಿಲ್ಲ. ಅವಳ ಅಹಂಕಾರವನ್ನು ಚುಚ್ಚುತ್ತಾರೆ, ಹಟವನ್ನು ಆಡಿಕೊಳ್ಳುತ್ತಾರೆ. ಅವಳು ವಿರಹದ ಪದ ಎತ್ತಿಕೊಂಡಾಗ ದೂತಿಯೂ ಬಾಯಿ ಮುಚ್ಚುತ್ತಾಳೆ. ಆ ಮೌನ ಆಟದ ಶಿಸ್ತು. ಎಲ್ಲಿ ನಗಿಸಬೇಕು ಎಂಬುದಕ್ಕಿಂತ ಎಲ್ಲಿ ಸುಮ್ಮನಾಗಬೇಕು ಎಂಬುದರಲ್ಲಿ ಒಳ್ಳೆಯ ಮೇಳ ಯಾವುದು, ಕಳಪೆ ಮೇಳ ಯಾವುದು ಎಂಬುದು ಗೊತ್ತಾಗುತ್ತದೆ.

ಗಡಿಯ ಆಚೆಯ ತಮಾಶಾ ನೋಡಿದರೂ ಅದೇ ಕೃಷ್ಣ. ಗಣಪತಿಯನ್ನು ನೆನೆಯುವ ಗಣ ಮುಗಿದ ಕೂಡಲೇ ಗೌಳಣ ಬರುತ್ತದೆ. ಮಥುರೆಗೆ ಹಾಲು ಮೊಸರು ಮಾರಲು ಹೊರಟ ಗೌಳಿಗಿತ್ತಿಯರನ್ನು ಕೃಷ್ಣ ಮತ್ತು ಅವನ ಗೆಳೆಯ ಪೆಂದ್ಯಾ ಅಡ್ಡಗಟ್ಟುತ್ತಾರೆ. ಗುಂಪಿನ ಮುಂದಾಳು ಮಾವಶಿ, ಹೆಣ್ಣುವೇಷದ ಗಂಡಸು, ದೇವರ ಜೊತೆ ವಾದಕ್ಕೆ ನಿಲ್ಲುತ್ತಾಳೆ. ಇದೆಲ್ಲ ಆದ ಮೇಲೆಯೇ ವಗ ಎನ್ನುವ ಮುಖ್ಯ ಕಥೆ. ಪಾರಿಜಾತದಲ್ಲಿಯೂ ಮುಖ್ಯ ಕಥೆಗೆ ಮೊದಲು ಗೊಲ್ಲತಿಯ ಪ್ರಸಂಗ ಬರುತ್ತದೆ. ಭಾಷೆ ಎರಡಾದರೂ ನಡೆ ಒಂದೇ: ದೇವರನ್ನು ಮೊದಲು ನಗೆಯಲ್ಲಿ ಇಳಿಸಿ ನಮ್ಮ ನಡುವೆ ನಿಲ್ಲಿಸಬೇಕು, ಆಮೇಲೆ ಅವನ ಮಹಿಮೆ ಹೇಳಬೇಕು. ಕಾಗವಾಡ, ನಿಪ್ಪಾಣಿಯ ಪ್ರೇಕ್ಷಕರಿಗೆ ಎರಡೂ ಎಟುಕುವಂತಿದ್ದವು.

ಈ ಎರಡು ಲೋಕಗಳು ಕೈ ಕುಲುಕಿದ ಒಂದು ಘಟನೆ ಇತಿಹಾಸದಲ್ಲಿ ದಾಖಲಾಗಿದೆ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಆಡಿತು. ಅದನ್ನು ನೋಡಿದ ಅಲ್ಲಿನ ಅರಸ ಚಿಂತಾಮಣರಾವ ಪಟವರ್ಧನ, ಮರಾಠಿಯಲ್ಲಿ ಇಂಥದೊಂದು ಆಟ ಕಟ್ಟಲು ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದ. 1843ರ ನವೆಂಬರ್ 5ರಂದು ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವಾಗಿ ಆಚರಿಸುತ್ತಾರೆ. ಭಾವೆಯ ಆಟಗಳಲ್ಲಿ ಅಬ್ಬರಿಸಿ ಬರುವ ರಾಕ್ಷಸರಿದ್ದರು, ಅವರ ಜೊತೆಗೇ ವಿದೂಷಕನೂ ಇದ್ದ. ಕರ್ಕಿಯ ಮೇಳದಿಂದ ಮರಾಠಿ ರಂಗಕ್ಕೆ ದೊರೆತ ಪ್ರೇರಣೆಯಲ್ಲಿ ಹಾಡು ವೇಷಗಳ ಜೊತೆ ಈ ಜೋಡಿಯೂ ಸೇರಿತ್ತು ಎಂದು ಹೇಳಿದರೆ ಅತಿಶಯವಾಗದು.

ಇನ್ನು ಅಮೆರಿಕದ ಕಡೆ ಹೋಗೋಣ. 1938ರಲ್ಲಿ ಸೂಪರ್‌ಮ್ಯಾನ್ ಬಂದ. ಎರಡೇ ವರ್ಷದಲ್ಲಿ ಕ್ಯಾಪ್ಟನ್ ಮಾರ್ವೆಲ್ ಬಂದು, 1940ರ ದಶಕದ ನಡುವಿನ ಹೊತ್ತಿಗೆ ಮಾರಾಟದಲ್ಲಿ ಸೂಪರ್‌ಮ್ಯಾನನ್ನೂ ಹಿಂದಿಕ್ಕಿದ. ಅವನ ಕಥೆಗಳಲ್ಲಿ ನಗೆ ಧಾರಾಳ. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ‘ಶಜಾಮ್’ ಎಂದು ಕೂಗಿದರೆ ಮಹಾಬಲನಾಗುತ್ತಾನೆ; ಕೋಟು ತೊಟ್ಟ ಮಾತಾಡುವ ಹುಲಿ ಅವನ ಗೆಳೆಯ. 1943ರಿಂದ 1945ರವರೆಗೆ ಧಾರಾವಾಹಿಯಾಗಿ ಹರಿದ ಒಂದು ಕಥೆಯಲ್ಲಿ ಜಗತ್ತನ್ನೇ ನಡುಗಿಸಿದ ಖಳನ ಗುರುತು ಮೊದಲ ಕೆಲವು ಕಂತುಗಳಲ್ಲಿ ಗುಟ್ಟಾಗಿರುತ್ತದೆ. ಆಮೇಲೆ ನೋಡಿದರೆ ಅವನು ಕನ್ನಡಕ ಹಾಕಿದ ಒಂದು ಪುಟ್ಟ ಹುಳು! ಓದುಗ ನಗುತ್ತಾನೆ. ಆದರೆ ಅದೇ ಹುಳುವನ್ನು ನ್ಯಾಯಾಲಯದಲ್ಲಿ ನಿಲ್ಲಿಸಿ, ಅದು ಮಾಡಿದ ಕೊಲೆಗಳಿಗೆ ವಿಚಾರಣೆ ನಡೆಸಿ, ಮರಣದಂಡನೆ ವಿಧಿಸಲಾಗುತ್ತದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಮಕ್ಕಳು ಓದಿದ ಕಥೆ ಇದು. ಖಳನ ಗಾತ್ರ ನಗೆ ತರಿಸುತ್ತದೆ, ಅವನ ಕೈಯಲ್ಲಿ ಸತ್ತವರ ವಿಷಯದಲ್ಲಿ ಕಥೆ ನಗುವುದಿಲ್ಲ.

ಸೂಪರ್‌ಮ್ಯಾನ್ ಪ್ರಕಾಶಕರು ಹೂಡಿದ ಕೃತಿಚೌರ್ಯದ ದಾವೆ ವರ್ಷಗಟ್ಟಲೆ ಎಳೆದು, 1953ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಪ್ರಕಟಣೆ ನಿಂತಿತು. ಅದೇ ವರ್ಷ ‘ಮ್ಯಾಡ್’ ಪತ್ರಿಕೆಯ 4ನೇ ಸಂಚಿಕೆಯಲ್ಲಿ ಹಾರ್ವಿ ಕರ್ಟ್ಸ್‌ಮನ್ ಬರೆದು ವಾಲಿ ವುಡ್ ಚಿತ್ರಿಸಿದ ‘ಸೂಪರ್‌ಡೂಪರ್‌ಮ್ಯಾನ್’ ಎಂಬ ಅಣಕ ಬಂತು. ಮಹಾವೀರನ ಠೀವಿಯನ್ನು ಅದು ಎಳೆಎಳೆಯಾಗಿ ಬಿಚ್ಚಿ ತೋರಿಸಿತು. ಮೂರು ದಶಕಗಳ ನಂತರ ‘ವಾಚ್‌ಮೆನ್’ ಬರೆದ ಅಲನ್ ಮೂರ್ ಈ ಅಣಕದ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ. 1986-87ರಲ್ಲಿ 12 ಸಂಚಿಕೆಗಳಲ್ಲಿ ಬಂದ ‘ವಾಚ್‌ಮೆನ್’ ಸೂಪರ್‌ಹೀರೋ ಕಾಮಿಕ್ಸ್‌ನ ಅತಿ ಗಂಭೀರ ಕೃತಿಗಳಲ್ಲಿ ಒಂದು. ಅಷ್ಟು ಗಂಭೀರವಾದ ಕೃತಿ ಒಂದು ತಮಾಷೆಯಿಂದ ಕವಲೊಡೆಯಿತು ಎಂಬುದು ನೆನಪಿಡಬೇಕಾದ ಸಂಗತಿ. ಅದರ ಮೊದಲ ಪುಟದಲ್ಲಿ ಬಿದ್ದಿರುವುದು ನಗುಮೊಗದ ಹಳದಿ ಬಿಲ್ಲೆ, ಅದರ ಮೇಲೆ ರಕ್ತದ ಹನಿ. ಕೊಲೆಯಾದವನ ಹೆಸರೇ ಕಮೀಡಿಯನ್.

ಬ್ಯಾಟ್‌ಮನ್ ಚರಿತ್ರೆ ತೂಗುಯ್ಯಾಲೆಯಂತೆ ಅತ್ತಿಂದಿತ್ತ ಜೀಕಿದೆ. 1966ರಿಂದ 1968ರವರೆಗೆ ಆಡಂ ವೆಸ್ಟ್ ನಟಿಸಿದ 120 ಕಂತುಗಳ ಟಿವಿ ಧಾರಾವಾಹಿ ಅವನನ್ನು ಪೂರ್ತಿ ತಮಾಷೆಗೆ ತಂದಿತು. ಅದರ ಜನಪ್ರಿಯತೆ ಇಳಿದ ಮೇಲೆ ಡೆನ್ನಿ ಓನೀಲ್, ನೀಲ್ ಆಡಮ್ಸ್ ಸೇರಿ ಅವನನ್ನು ಮತ್ತೆ ಕತ್ತಲ ಬೀದಿಗೆ ಕರೆದೊಯ್ದರು. 1986ರಲ್ಲಿ ಫ್ರಾಂಕ್ ಮಿಲ್ಲರ್ ಅವನನ್ನು ಮುಪ್ಪಿನ, ಸಿಟ್ಟಿನ ಮನುಷ್ಯನಾಗಿ ಚಿತ್ರಿಸಿದರು. ಆ ಕೃತಿಯೂ ‘ವಾಚ್‌ಮೆನ್’ ಕೂಡ ಗೆದ್ದದ್ದೇ ತಡ, ಉಳಿದವರೆಲ್ಲ ಹಲ್ಲು ಕಚ್ಚಿದ ಮುಖಗಳನ್ನು ಬಿಡಿಸತೊಡಗಿದರು. ಆದರೆ ಮಿಲ್ಲರ್ ಕಥೆಯಲ್ಲಿಯೂ ಸೇವಕ ಆಲ್ಫ್ರೆಡ್ ಇದ್ದಾನೆ. ಯಜಮಾನನ ವ್ರತವನ್ನು, ಗಾಯಗಳನ್ನು, ಹಟವನ್ನು ಒಂದೊಂದು ಸಾಲಿನ ಒಣಮಾತಿನಲ್ಲಿ ಇಳಿಸುವ ಆ ಮುದುಕ ದೊಡ್ಡಾಟದ ಸಾರಥಿಯ ಸ್ಥಾನದಲ್ಲಿಯೇ ನಿಂತಿದ್ದಾನೆ. ಅವನನ್ನು ತೆಗೆದುಬಿಟ್ಟರೆ ಬ್ಯಾಟ್‌ಮನ್‌ನ ವ್ಯಥೆ ಬರೀ ಸ್ವಮರುಕವಾಗುತ್ತದೆ. ಅನುಕರಿಸಿದವರು ಕತ್ತಲನ್ನು ಎತ್ತಿಕೊಂಡರು, ಆಲ್ಫ್ರೆಡ್‌ನನ್ನು ಮರೆತರು.

ಇದಕ್ಕಿಂತ ದುಃಖದ ಉದಾಹರಣೆಯೂ ಇದೆ. 1987ರಲ್ಲಿ ಕೀತ್ ಗಿಫೆನ್, ಜೆ.ಎಂ. ಡಿಮ್ಯಾಟೀಸ್, ಕೆವಿನ್ ಮಗ್ವೈರ್ ಹೊಸ ‘ಜಸ್ಟಿಸ್ ಲೀಗ್’ ಕಟ್ಟಿದರು. ಅದರ ವೀರರು ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಚ್ಚಾಡುತ್ತಿದ್ದರು, ತಪ್ಪು ಮಾಡುತ್ತಿದ್ದರು, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಿದ್ದರು. ಬ್ಲೂ ಬೀಟಲ್ ಎಂಬ ಟೆಡ್ ಕಾರ್ಡ್ ಆ ನಗೆಯ ಕೇಂದ್ರ. 2005ರಲ್ಲಿ ಕಥಾಲೋಕಕ್ಕೆ ಗಾಂಭೀರ್ಯ ಬೇಕೆಂದು ಅದೇ ಪ್ರಕಾಶಕರು ಮಾಡಿದ್ದೇನು? ಅದೇ ಗುಂಪನ್ನು ಕಟ್ಟಿ ಬೆಳೆಸಿದ್ದ ಮ್ಯಾಕ್ಸ್‌ವೆಲ್ ಲಾರ್ಡ್ ಕೈಯಲ್ಲಿ ಟೆಡ್ ತಲೆಗೆ ಗುಂಡು ಹೊಡೆಸಿದರು. ನಗಿಸುವವನನ್ನು ಕೊಂದರೆ ಕಥೆ ದೊಡ್ಡದಾಗುತ್ತದೆ ಎಂಬ ನಂಬಿಕೆ ಅದರ ಹಿಂದೆ ಇತ್ತು. ಆ ನಂಬಿಕೆ ತಪ್ಪು. ಆ ಸಾವು ಓದುಗರನ್ನು ಕಲಕಿತು ನಿಜ, ಆದರೆ ಹಿಂದಿನ ವರ್ಷಗಳ ನಗೆಯಿಂದ ಟೆಡ್ ಅಷ್ಟು ಹತ್ತಿರದವನಾಗಿದ್ದ ಎಂಬ ಕಾರಣಕ್ಕೆ ಕಲಕಿತು. ಗಾಂಭೀರ್ಯ ಅಲ್ಲಿ ನಗೆ ಕೂಡಿಟ್ಟ ಗಂಟನ್ನೇ ಒಡೆದು ಖರ್ಚು ಮಾಡಿತು.

ಸ್ಪೈಡರ್‌ಮ್ಯಾನ್ ಕಥೆಗೆ ಬಂದರೆ ಈ ಕಲೆಯ ನಿಜವಾದ ಹದ ಕಾಣುತ್ತದೆ. 1962ರಲ್ಲಿ ಹುಟ್ಟಿದ ಪೀಟರ್ ಪಾರ್ಕರ್ ಹೊಡೆದಾಟದ ನಡುವೆಯೂ ಮಾತು ನಿಲ್ಲಿಸುವುದಿಲ್ಲ. ಎದುರಾಳಿಯನ್ನು ಕೆಣಕುತ್ತಾನೆ, ತನ್ನ ಮೇಲೆ ತಾನೇ ನಗೆಯಾಡುತ್ತಾನೆ. ಅವನ ಮನೆಬಾಡಿಗೆ, ದೊಡ್ಡಮ್ಮನ ಔಷಧ, ಪತ್ರಿಕೆ ಕಚೇರಿಯಲ್ಲಿ ಯಜಮಾನ ಜೇಮ್ಸನ್ ಕೂಗಾಟ ಎಲ್ಲವೂ ನಗೆಯ ಸಾಮಗ್ರಿ. 1973ರ ಜೂನ್ ತಿಂಗಳ 121ನೇ ಸಂಚಿಕೆಯಲ್ಲಿ ಗೆರ್ರಿ ಕಾನ್ವೇ ಬರೆದು ಗಿಲ್ ಕೇನ್ ಚಿತ್ರಿಸಿದ ದೃಶ್ಯ ಓದುಗರು ಮರೆಯಲಾರದ್ದು. ಸೇತುವೆಯಿಂದ ಎಸೆಯಲ್ಪಟ್ಟ ಗ್ವೆನ್ ಸ್ಟೇಸಿಯನ್ನು ಅವನು ತನ್ನ ಬಲೆಯ ಎಳೆಯಿಂದ ಹಿಡಿಯುತ್ತಾನೆ. ಮೇಲೆಳೆದುಕೊಳ್ಳುವಾಗ ಎಂದಿನ ಹುರುಪಿನಲ್ಲಿ ತನ್ನ ಚಾಣಾಕ್ಷತೆಯನ್ನು ತಾನೇ ಹೊಗಳಿಕೊಳ್ಳುತ್ತ ತಮಾಷೆ ಮಾಡುತ್ತಾನೆ. ಗೆಳತಿ ಉತ್ತರ ಕೊಡುವುದಿಲ್ಲ. ಅವಳು ಸತ್ತಿದ್ದಾಳೆ.

ಆ ತಮಾಷೆ ಅಲ್ಲಿ ಇಲ್ಲದೆ ಹೋಗಿದ್ದರೆ ಆ ಸಾವು ಇಷ್ಟು ಭಾರವಾಗುತ್ತಿರಲಿಲ್ಲ. ನಗೆ ವೀರನ ಜಂಬದ ಮೇಲೆ ನಿಂತಿತ್ತು, ಸತ್ತವಳ ಮೇಲಲ್ಲ. ಸತ್ಯ ತಿಳಿದ ಕ್ಷಣದಲ್ಲಿ ಅದು ಬಾಯಲ್ಲೇ ಹಿಂಗಿತು. ಪಾರಿಜಾತದ ದೂತಿ ಭಾಮೆಯ ವಿರಹದ ಪದಕ್ಕೆ ಸುಮ್ಮನಾಗುವುದೂ ನ್ಯೂಯಾರ್ಕಿನ ಈ ಹುಡುಗ ಸುಮ್ಮನಾಗುವುದೂ ಒಂದೇ ತಿಳಿವಳಿಕೆಯಿಂದ ಬಂದವು.

ಕನ್ನಡಿಗರಿಗೆ ಇದು ಹೊರಗಿನಿಂದ ಕಲಿಯಬೇಕಾದ ಪಾಠವಲ್ಲ. ಮಳೆ ಹೋದ ವರ್ಷ ಊರುಗಳಲ್ಲಿ ಓದಿಸುತ್ತ ಬಂದ ವಿರಾಟಪರ್ವವನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕು. ಗುರುತು ಮರೆಸಿಕೊಂಡ ವೀರರ ಕಥೆ ಅದು. ಕನ್ನಡಕದ ಹಿಂದೆ ಅಡಗಿದ ಸೂಪರ್‌ಮ್ಯಾನ್‌ಗಿಂತ ಎಷ್ಟೋ ಹಿಂದಿನದು. ಭೀಮ ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದಾನೆ, ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸುತ್ತಿದ್ದಾನೆ. ಹೆಂಗಸರ ಮುಂದೆ ಕೊಚ್ಚಿಕೊಂಡ ಉತ್ತರಕುಮಾರ ಕೌರವ ಸೇನೆ ಕಂಡದ್ದೇ ರಥ ಬಿಟ್ಟು ಓಡುತ್ತಾನೆ, ಸಾರಥಿ ಬೃಹನ್ನಳೆ ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾಳೆ. ಕುಮಾರವ್ಯಾಸ ಈ ಭಾಗವನ್ನು ಬರೆದಷ್ಟು ಉಲ್ಲಾಸದಿಂದ ಬರೆದವರು ಕಡಿಮೆ. ಮುಂದಿನದು ಇನ್ನೂ ಸೊಗಸು. ಬನ್ನಿಮರದ ಬಳಿ ಬೃಹನ್ನಳೆ ತಾನು ಅರ್ಜುನ ಎಂದು ಹೇಳಿದಾಗ ಉತ್ತರ ಸುಮ್ಮನೆ ನಂಬುವುದಿಲ್ಲ. ಅರ್ಜುನನ ಹತ್ತು ಹೆಸರುಗಳನ್ನು ಹೇಳು ಎನ್ನುತ್ತಾನೆ. ದೊಡ್ಡಾಟದ ಸಾರಥಿ ಕೇಳುವ ‘ತಾವು ಯಾರು’ ಎಂಬ ಪ್ರಶ್ನೆಯೇ ಅದು. ಉತ್ತರ ಸಿಕ್ಕ ಮೇಲೆ ಇಬ್ಬರ ಜಾಗವೂ ಅದಲುಬದಲಾಗುತ್ತದೆ: ಉತ್ತರ ಸಾರಥಿಯಾಗುತ್ತಾನೆ, ಸಾರಥಿಯಾಗಿದ್ದವನು ವೀರನಾಗುತ್ತಾನೆ. ಇಲ್ಲಿಂದ ಮುಂದೆ ಗಾಂಡೀವದ ಕೆಲಸ.

ಅದೇ ಪರ್ವದ ಕೀಚಕ ಪ್ರಸಂಗ ಇನ್ನೂ ಹರಿತವಾದದ್ದು. ಹೆಣ್ಣಿನ ವೇಷದಲ್ಲಿ ನಾಟ್ಯಶಾಲೆಯಲ್ಲಿ ಕಾದು ಕೂತ ಭೀಮ, ಸರಸಕ್ಕೆ ಬಂದ ಕೀಚಕ; ಕತ್ತಲಲ್ಲಿ ಅವನು ತಡಕಾಡುವುದು ಕೇಳುಗರನ್ನು ನಗಿಸುತ್ತದೆ, ಮರುಗಳಿಗೆಯಲ್ಲಿ ಮೂಳೆ ಮುರಿಯುವ ಸದ್ದು. ಅದಕ್ಕೆ ಮೊದಲು ದ್ರೌಪದಿ ನಡುರಾತ್ರಿ ಬಾಣಸದ ಮನೆಗೆ ಬಂದು ಭೀಮನ ಮುಂದೆ ಅಳುತ್ತಾಳಲ್ಲ, ಅಲ್ಲಿ ಕುಮಾರವ್ಯಾಸ ನಗೆಯ ಸುಳಿವನ್ನೂ ಬಿಡುವುದಿಲ್ಲ. ನಗೆ ಕೀಚಕನ ಪಾಲಿಗೆ, ಭೀಮನ ವೇಷದ ಪಾಲಿಗೆ. ನೊಂದವಳ ಹತ್ತಿರ ಅದು ಸುಳಿಯುವುದಿಲ್ಲ. ಕುಮಾರವ್ಯಾಸನಿಗಿಂತ ಸುಮಾರು ನಾಲ್ಕು ಶತಮಾನ ಹಿಂದಿನ, ಮುಧೋಳದ ರನ್ನ ಕೂಡ ‘ಗದಾಯುದ್ಧ’ದಂಥ ವೀರಕಾವ್ಯದಲ್ಲಿ ವಿದೂಷಕನಿಗೆ ಎಡೆ ಕೊಟ್ಟ. ಮುಧೋಳದಿಂದ ಅಥಣಿ, ರಾಯಬಾಗ ದೂರವೇನಲ್ಲ.

ಇಷ್ಟು ಸಂಪತ್ತು ಮನೆಯಲ್ಲಿ ಇಟ್ಟುಕೊಂಡೂ ಭಾರತದ ಕಾಮಿಕ್ಸ್ ಒಂದು ವಿಚಿತ್ರ ದಾರಿ ಹಿಡಿಯಿತು. ಅಮರ ಚಿತ್ರ ಕಥೆಯ ಆರಂಭ ಆದದ್ದು ಕನ್ನಡದಲ್ಲೇ. ಬೆಂಗಳೂರಿನ ಜಿ.ಕೆ. ಅನಂತರಾಮ್ ಮುತುವರ್ಜಿಯಿಂದ 1965ರ ಸುಮಾರಿಗೆ ಪಾಶ್ಚಾತ್ಯ ಕಿನ್ನರಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಪುರಾಣಕಥೆಗಳ ಇಂಗ್ಲಿಷ್ ಮಾಲೆ ಹೊರಟಾಗ ಅದರ ಮೊದಲ ಪುಸ್ತಕ ‘ಕೃಷ್ಣ’ನಿಗೆ 11ನೇ ಸಂಖ್ಯೆ ಬಂದದ್ದು ಅದಕ್ಕಾಗಿಯೇ. ಆ ಮಾಲೆ ಕೋಟ್ಯಂತರ ಮಕ್ಕಳಿಗೆ ಪುರಾಣ ತಲುಪಿಸಿದ ಉಪಕಾರ ದೊಡ್ಡದು. ಬೆಣ್ಣೆ ಕದಿಯುವ ಕೃಷ್ಣನ ತುಂಟತನ ಅದರಲ್ಲಿಯೂ ಇದೆ. ಆದರೆ ಒಟ್ಟು ಮಾಲೆಯ ಧಾಟಿ ಪಾಠದ ಧಾಟಿ. ವೀರ ಬರುತ್ತಾನೆ, ಗೆಲ್ಲುತ್ತಾನೆ. ‘ನೀನು ಯಾರಪ್ಪ’ ಎಂದು ಕೇಳುವ ಸಾರಥಿ ಚೌಕಟ್ಟಿನ ಒಳಗೆ ಇಲ್ಲ.

ನಗೆ ಎಲ್ಲಿಗೆ ಹೋಯಿತು? 1980ರಲ್ಲಿ ಅನಂತ ಪೈ ಅವರೇ ಆರಂಭಿಸಿದ ‘ಟಿಂಕಲ್’ ಪತ್ರಿಕೆಗೆ ಹೋಯಿತು. ಅಮರ ಚಿತ್ರ ಕಥೆಯ ‘ಕೃಷ್ಣ’ನನ್ನು ಬಿಡಿಸಿದ ಕಲಾವಿದ ರಾಮ್ ವಾಯೀರ್ಕರ್; 1983ರಲ್ಲಿ ‘ಟಿಂ‌ಕಲ್’ನ ಸುಪ್ಪಂಡಿ ಎಂಬ ಪೆದ್ದು ಆಳಿನ ಪಾತ್ರಕ್ಕೆ ರೂಪ ಕೊಟ್ಟವರೂ ಅವರೇ. ಒಂದೇ ಕೈ ಎರಡನ್ನೂ ಬಲ್ಲದು, ಆದರೆ ಎರಡು ಬೇರೆ ಪುಸ್ತಕಗಳಲ್ಲಿ. ಭಕ್ತಿಗೆ ಒಂದು ಕಪಾಟು, ನಗೆಗೆ ಇನ್ನೊಂದು ಕಪಾಟು ಎಂಬ ಈ ವಿಂಗಡಣೆ ನಮ್ಮ ಕಾಮಿಕ್ಸ್‌ಗೆ ಆದ ದೊಡ್ಡ ನಷ್ಟ. ಕುಲಗೋಡ ತಮ್ಮಣ್ಣನಾಗಲಿ ಕುಮಾರವ್ಯಾಸನಾಗಲಿ ಅಂಥ ಕಪಾಟುಗಳನ್ನು ಮಾಡಿರಲಿಲ್ಲ.

ಕನ್ನಡದ ಮಕ್ಕಳಿಗೆ ಎರಡೂ ಕೂಡಿದ ಒಂದು ಪಾತ್ರ ಸಿಕ್ಕಿದ್ದು ‘ಬಾಲಮಂಗಳ’ದ ಡಿಂಗನಲ್ಲಿ. ಮಲಯಾಳದಲ್ಲಿ 1983ರಲ್ಲಿ ಎನ್. ಸೋಮಶೇಖರನ್ ಬರೆದು ಬೇಬಿ ಚಿತ್ರಿಸಿದ ಡಿಂಕನ್ ಕನ್ನಡದಲ್ಲಿ ಡಿಂಗನಾಗಿ ಬಂದ. ಕಾಡಿನ ಪುಟ್ಟ ಇಲಿ. ಬೇರೆ ಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಅಪಾರ ಶಕ್ತಿ ಪಡೆದು ಮರಳಿದ. ಇಲಿಯೊಂದು ಮೇಲಂಗಿ ಬೀಸಿಕೊಂಡು ಆನೆ, ಹುಲಿಗಳ ಕಾಡನ್ನು ಕಾಯುತ್ತದೆ ಎಂಬುದರಲ್ಲಿಯೇ ನಗೆ ಇದೆ. ಆದರೆ ಆಪತ್ತಿನಲ್ಲಿರುವ ಪ್ರಾಣಿ ಕೂಗಿಕೊಂಡಾಗ ಡಿಂಗ ಬಂದೇ ಬರುತ್ತಾನೆ ಎಂಬ ಭರವಸೆಯಲ್ಲಿ ನಗೆ ಇಲ್ಲ. ನಂಬಿಕೆ ಅಲ್ಲಿ ಪೂರ್ತಿ ಪ್ರಾಮಾಣಿಕ. ಆ ಪತ್ರಿಕೆ ಓದಿ ಬೆಳೆದವರು ಇಂದಿಗೂ ಡಿಂಗನ ಹೆಸರು ಹೇಳಿದರೆ ಮುಖ ಅರಳಿಸುವುದು ಇದರಿಂದಲೇ.

ತಪ್ಪು ದಾರಿಗೂ ಉದಾಹರಣೆ ಬೇಕು. 2014ರಿಂದ ಜೇಸನ್ ಆರನ್ ಬರೆದ ‘ಥಾರ್’ ಕಾಮಿಕ್ಸ್‌ನಲ್ಲಿ ಜೇನ್ ಫಾಸ್ಟರ್ ಎಂಬ ವೈದ್ಯೆ ಥಾರ್‌ನ ಸುತ್ತಿಗೆ ಎತ್ತುತ್ತಾಳೆ. ಅವಳಿಗೆ ಕ್ಯಾನ್ಸರ್. ದೇವತೆಯಾಗಿ ಬದಲಾದಾಗಲೆಲ್ಲ ಮೈಯೊಳಗಿನ ಕೀಮೋಥೆರಪಿಯ ಔಷಧ ಅಳಿಸಿಹೋಗುತ್ತದೆ. ಲೋಕ ಉಳಿಸಲು ಹೋದಷ್ಟೂ ಅವಳು ಸಾವಿಗೆ ಹತ್ತಿರ. ದೇವಲೋಕದ ಡೌಲಿನ ಮೇಲೆ ಆ ಕಥೆಯಲ್ಲಿ ನಗೆ ಬೇಕಾದಷ್ಟಿದೆ. ಆಸ್ಪತ್ರೆಯ ಪುಟಗಳಲ್ಲಿ ಕಥೆ ತಗ್ಗಿದ ದನಿಯಲ್ಲಿ ನಡೆಯುತ್ತದೆ. 2022ರಲ್ಲಿ ಇದೇ ಎಳೆ ಸಿನಿಮಾ ಆದಾಗ ಕಿರುಚುವ ಮೇಕೆಗಳ ತಮಾಷೆ ಮೇಲಿಂದ ಮೇಲೆ ಬಂತು, ರೋಗಿಯ ದೃಶ್ಯಕ್ಕೂ ಚಟಾಕಿ ಅಂಟಿಕೊಂಡಿತು. ಹಲವು ವಿಮರ್ಶಕರು ಇದನ್ನು ಒಪ್ಪಲಿಲ್ಲ, ಒಪ್ಪದಿದ್ದುದು ಸರಿಯೇ. ಸಿನಿಮಾದಲ್ಲಿ ನಗೆ ಹೆಚ್ಚಾಯಿತು ಎಂದರೆ ಅರ್ಧ ಮಾತು. ಅದು ಹೋಗಬಾರದ ಜಾಗಕ್ಕೆ ಹೋಯಿತು. 2021ರ ಮಲಯಾಳ ಚಿತ್ರ ‘ಮಿನ್ನಲ್ ಮುರಳಿ’ಯಲ್ಲಿ ನಗೆ ಅದಕ್ಕಿಂತ ಕಡಿಮೆಯೇನಿಲ್ಲ. ಆದರೆ ಅಲ್ಲಿ ಅದು ಸಿಡಿಲು ಹೊಡೆದು ವೀರನಾದ ದರ್ಜಿ ಹುಡುಗನ ಪಾಲಿಗೆ ಬಂದರೆ, ಪ್ರೀತಿಗಾಗಿ ಕಾದು ಬೆಂದುಹೋದ ಖಳ ಶಿಬುವಿನ ಪಾಲಿಗೆ ಗಾಂಭೀರ್ಯ ಬಂತು.

ಹಾಗೆಂದು ಊರಿನ ಆಟಗಳ ನಗೆಯೆಲ್ಲ ನಿರ್ಮಲ ಎಂದು ಹೇಳಿದರೆ ಅದು ಸುಳ್ಳು. ತೊದಲುವವನನ್ನು, ಕುಂಟುವವನನ್ನು, ಕಪ್ಪು ಬಣ್ಣದವಳನ್ನು, ಕೆಳಗಿನ ಜಾತಿಯವರ ಮಾತನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ ಹಾಸ್ಯಗಾರರು ಎಲ್ಲ ಮೇಳಗಳಲ್ಲೂ ಇದ್ದರು. ಮಾವಶಿಯ ಪಾತ್ರ ಎಷ್ಟೋ ಸಲ ಹೆಣ್ಣನ್ನೇ ಹಂಗಿಸುವ ಎರಡರ್ಥದ ಮಾತಿಗೆ ಜಾರಿದೆ. ಜಾತ್ರೆಯ ನಾಟಕಗಳಲ್ಲಿ ಇಂದಿಗೂ ಈ ಚಾಳಿ ಹೋಗಿಲ್ಲ. ಇಂಥ ನಗೆ ವೀರನನ್ನು ಮುಟ್ಟುವುದಿಲ್ಲ, ಕಿರೀಟಕ್ಕೆ ಧಕ್ಕೆ ತರುವುದಿಲ್ಲ. ಮೊದಲೇ ಕೆಳಗೆ ಕೂತವರನ್ನು ಇನ್ನೊಮ್ಮೆ ತುಳಿಯುತ್ತದೆ. ಅದನ್ನು ಜಾನಪದದ ಹೆಸರಿನಲ್ಲಿ ಕಾಪಾಡಬೇಕಾದ ಅಗತ್ಯ ಯಾರಿಗೂ ಇಲ್ಲ. ಸುಪ್ಪಂಡಿಯ ಕಥೆಗಳ ಮೇಲೂ ಇದೇ ಆಕ್ಷೇಪ ತರಬಹುದು: ಹಳ್ಳಿಯ ಆಳಿನ ದಡ್ಡತನಕ್ಕೆ ಪೇಟೆಯ ಮಕ್ಕಳು ನಗಬೇಕೇ? ಆದರೆ ಅವನು ಯಜಮಾನನ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿ ಕೆಡಿಸುವವನು. ಒಳ್ಳೆಯ ಕಥೆಗಳಲ್ಲಿ ನಗೆ ಅಪ್ಪಣೆ ಕೊಟ್ಟವನ ಕಡೆಗೂ ತಿರುಗುತ್ತದೆ.

ಇನ್ನೊಂದು ಆಕ್ಷೇಪ ಈ ಕಾಲದ್ದು. ದೇವರನ್ನು, ನಾಡಿನ ವೀರರನ್ನು ನಗೆಯ ಹತ್ತಿರ ತಂದರೆ ಅವಮಾನವಾಗುತ್ತದೆ, ಅವರನ್ನು ಗಂಭೀರವಾಗಿಯೇ ಚಿತ್ರಿಸಬೇಕು ಎಂಬ ಮಾತು ಈಚೆಗೆ ಜೋರಾಗಿದೆ. ಈ ಕಾಳಜಿಯಲ್ಲಿ ಗೌರವ ಇದೆ ಎಂಬುದನ್ನು ಒಪ್ಪಬೇಕು. ಆದರೆ ಪಾರಿಜಾತ ನೋಡುತ್ತಿದ್ದವರು ಭಕ್ತರೇ ಆಗಿದ್ದರು. ಆಟದ ಮೊದಲಿಗೆ ಗಣಪತಿಗೆ ಕೈ ಮುಗಿದವರೇ ಕೃಷ್ಣನ ಪೇಚಾಟಕ್ಕೆ ನಗುತ್ತಿದ್ದರು, ಮಂಗಳಾರತಿಗೆ ಮತ್ತೆ ಎದ್ದು ನಿಲ್ಲುತ್ತಿದ್ದರು. ಅವರ ಭಕ್ತಿ ನಗೆಯಿಂದ ಕರಗುವಷ್ಟು ತೆಳುವಾಗಿರಲಿಲ್ಲ. ನಗೆಗೆ ಹೆದರುವ ಭಕ್ತಿಗೆ ತನ್ನ ದೇವರ ಬಲದ ಮೇಲೆಯೇ ಅನುಮಾನ ಇದ್ದಂತಿದೆ. ನಗೆಯಿಲ್ಲದೆ ಬರೆದ ವೀರರ ಚಿತ್ರಪುಸ್ತಕಗಳು ಮಕ್ಕಳ ಕೈಯಲ್ಲಿ ಹೆಚ್ಚು ದಿನ ನಿಲ್ಲುವುದೂ ಇಲ್ಲ. ಪರೀಕ್ಷೆ ಮುಗಿದ ಪಠ್ಯದ ಹಾಗೆ ಅವು ಮೂಲೆ ಸೇರುತ್ತವೆ.

ಹಾಗಾದರೆ ಈ ಐದು ತಾಲೂಕುಗಳಿಂದ ಒಂದು ಸೂಪರ್‌ಹೀರೋ ಕಾಮಿಕ್ಸ್ ಹೊರಡುವುದಾದರೆ ಹೇಗಿರಬಹುದು? ಊಹಿಸುವುದು ಕಷ್ಟವಲ್ಲ. ವೀರನ ಭಾಷೆ ಪಾರಿಜಾತದ ಹಾಡುಗಾರಿಕೆಯ ಗತ್ತಿನದು, ಅವನ ಜೊತೆಗಾರನ ಭಾಷೆ ನಿಪ್ಪಾಣಿ ಬಸ್ ನಿಲ್ದಾಣದ್ದು, ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವಂಥದ್ದು. ಎರಡೂ ಭಾಷೆ ಬಲ್ಲ ಇಲ್ಲಿನ ಮಗುವಿಗೆ ಆ ಜೊತೆಗಾರ ಕೂಡಲೇ ಅರ್ಥವಾಗುತ್ತಾನೆ, ವಿಜಯಪುರದ ಮಗುವಿಗೆ ಸ್ವಲ್ಪ ತಡವಾಗಿ. ಕೃಷ್ಣೆ ತುಂಬಿ ಊರು ಮುಳುಗಿದ 2005, 2019ರ ಮಹಾಪೂರಗಳು ಈ ಸೀಮೆಯ ಮಕ್ಕಳು ಕೇಳಿ ಅಥವಾ ಕಂಡು ಬಲ್ಲ ಸಂಗತಿ. ಅಂಥ ನೀರಿನಲ್ಲಿ ಹಾರಿ ಬರುವ ವೀರನ ಮೇಲಂಗಿ ತೊಯ್ದು ತೂಕವಾಗಿ ಅವನು ಮುಗ್ಗರಿಸಿದರೆ ನಗಬಹುದು. ಛಾವಣಿಯ ಮೇಲೆ ಎಮ್ಮೆಯ ಕರುವನ್ನು ತಬ್ಬಿ ಕೂತ ಮುದುಕಿಯನ್ನು ಚಿತ್ರಿಸುವ ಪುಟದಲ್ಲಿ ಜೊತೆಗಾರನ ಬಾಯಿಗೆ ಬರೆಹಗಾರ ಒಂದು ಮಾತನ್ನೂ ಹಾಕಬಾರದು. ಅವಳು ದಡ ಸೇರಿ, ನೀನು ಯಾರ ಮಗನೋ ತಮ್ಮಾ ಎಂದು ವೀರನನ್ನು ಕೇಳಿದ ಮೇಲೆ ಜೊತೆಗಾರ ಮತ್ತೆ ಮಾತು ಶುರು ಮಾಡಬಹುದು.

ಇದಕ್ಕೆ ಬೇಕಾದ ಕಲಾವಿದರು ಇಲ್ಲ ಎನ್ನುವಂತಿಲ್ಲ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಅದರ ಬಳಿ ಪಾರಿಜಾತ, ದೊಡ್ಡಾಟದ ಕಲಾವಿದರ ನಂಟಿದೆ. ಗಡಿಭಾಗದ ಕನ್ನಡ ಶಾಲೆಗಳಿಗೆ ಪುಸ್ತಕ ಒದಗಿಸುವ ಯೋಜನೆಗಳೂ ಆಗಾಗ ಬರುತ್ತವೆ. ಸಾರಥಿಯ ಪಾತ್ರ ಮಾಡಿದ ಹಿರಿಯರೊಬ್ಬರನ್ನು ಚಿತ್ರಕಾರರ ಜೊತೆ ಕೂರಿಸಿ, ಯಾವ ಚೌಕಟ್ಟಿನಲ್ಲಿ ಬಾಯಿ ಹಾಕುತ್ತೀರಿ, ಯಾವುದರಲ್ಲಿ ಸುಮ್ಮನಿರುತ್ತೀರಿ ಎಂದು ಪುಟ ಪುಟವಾಗಿ ಕೇಳಿ ಬರೆದುಕೊಂಡರೆ ಕೆಲಸ ಆರಂಭಿಸಲು ಅಷ್ಟು ಸಾಕು.